ಮನೋರಮೆಯ ಹೆಸರು

ಮೊನ್ನೆ ಗಣಿತದ ಟೀಚರ್ ರಜೆಯಲ್ಲಿದ್ದರು. ಒಂಬತ್ತನೇ ಕ್ಲಾಸಿಗೆ ನನ್ನನ್ನು ಕಳಿಸಿದರು. ಹೊರಗೆ ಆಟಿ ತಿಂಗಳ ಮಳೆ. ಹಂಚಿನ ಮಾಡಿನ ಮೇಲೆ ಅದು ಸುರಿಯುವ ಸದ್ದಿಗೆ ನನ್ನ ಮಾತು ಹಿಂದಿನ ಬೆಂಚಿನವರಿಗೆ ಕೇಳುವುದಿಲ್ಲ. ಇಂಥ ಹೊತ್ತಿನಲ್ಲಿ ವ್ಯಾಕರಣ ಮಾಡುವುದೆಂದರೆ ಮಕ್ಕಳಿಗೂ ಶಿಕ್ಷೆ, ನನಗೂ ಶಿಕ್ಷೆ. ಹಾಗಾಗಿ ಮುದ್ದಣ-ಮನೋರಮೆಯರ ಸಲ್ಲಾಪ ಹೇಳಲು ಕೂತೆ. ಮಳೆಗಾಲದಲ್ಲಿ ಒಮ್ಮೆಯಾದರೂ ಅದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಮಳೆಗಾಲ ಬಂದ ಹಾಗೆಯೇ ಆಗುವುದಿಲ್ಲ.

ನಿಮಗೆ ಗೊತ್ತೇ ಇದೆ. ಮಳೆಗಾಲದ ಒಂದು ಸಂಜೆ. ಕವಿ ಮನೆಗೆ ಬರುತ್ತಾನೆ. ಹೆಂಡತಿ ಉಪಚಾರ ಮಾಡುತ್ತಾಳೆ, ಹೊತ್ತು ಹೋಗದು, ಕಥೆ ಹೇಳು ಎನ್ನುತ್ತಾಳೆ. ಪದ್ಯ ಬೇಡ, ಗದ್ಯವೇ ಇರಲಿ ಎಂದು ಹಟ ಮಾಡುತ್ತಾಳೆ. ಸಂಸ್ಕೃತ ಜಾಸ್ತಿಯಾದರೆ ಅಲ್ಲೇ ಗಂಡನ ಕಿವಿ ಹಿಂಡುತ್ತಾಳೆ. ಮಕ್ಕಳು ನಕ್ಕರು. ಮುಂದಿನ ಬೆಂಚಿನ ಒಬ್ಬಳು ಹುಡುಗಿ ಮಾತ್ರ ನಗಲಿಲ್ಲ.

"ಸರ್, ಮನೋರಮೆ ನಿಜವಾಗಿಯೂ ಅವರ ಹೆಂಡತಿಯಾ?"

ಮುದ್ದಣನೇ ನಿಜ ಹೆಸರಲ್ಲ, ಅವರು ನಂದಳಿಕೆ ಲಕ್ಷ್ಮೀನಾರಾಯಣ, ಉಡುಪಿಯಲ್ಲಿ ನಮ್ಮ ಹಾಗೆಯೇ ಶಾಲೆಯ ಮಾಸ್ಟ್ರು, 1870ರಲ್ಲಿ ಹುಟ್ಟಿ 1901ರಲ್ಲಿ ಕ್ಷಯದಿಂದ ತೀರಿಕೊಂಡರು ಎಂದೆಲ್ಲ ಹೇಳಿದೆ.

"ಹಾಗಾದ್ರೆ ಹೆಂಡತಿಯ ಹೆಸರು?"

"ಕಮಲಾಬಾಯಿ."

"ಅವರು ಏನಾದ್ರೂ ಬರೆದಿದ್ದಾರಾ ಸರ್? ಈ ಕಥೆ ಕೇಳಿ ಅವರಿಗೆ ಏನು ಅನ್ನಿಸಿತಂತೆ?"

ಅಷ್ಟರಲ್ಲಿ ಗಂಟೆ ಹೊಡೆಯಿತು. ಕೆಲವು ಸಲ ಪ್ಯೂನ್ ದೇವರ ಹಾಗೆ ಬರುತ್ತಾರೆ.

ಆದರೆ ಪ್ರಶ್ನೆ ಬೆಂಚಿನ ಮೇಲೆ ಉಳಿಯಲಿಲ್ಲ. ಬಸ್ಸಿನಲ್ಲಿ ನನ್ನ ಜೊತೆಗೇ ಮನೆಗೆ ಬಂತು. ಮನೋರಮೆ ಯಾರಿಗೆ ಗೊತ್ತಿಲ್ಲ? ನಮ್ಮ ಮಂಜೇಶ್ವರದಿಂದ ಹಿಡಿದು ಬೀದರಿನವರೆಗೆ ಕನ್ನಡ ಓದಿದವರಿಗೆಲ್ಲ ಗೊತ್ತು. ಕಮಲಾಬಾಯಿ ಎಷ್ಟು ಜನರಿಗೆ ಗೊತ್ತು? ಮನೋರಮೆ ಕವಿ ಬರೆದ ಹೆಂಡತಿ. ಕಮಲಾಬಾಯಿ ಒಲೆ ಉರಿಸಿದ ಹೆಂಡತಿ. ಇಬ್ಬರೂ ಒಬ್ಬರೇ ಅಂದುಕೊಂಡು ನಾವು ಸುಖವಾಗಿ ನೂರಕ್ಕಿಂತ ಹೆಚ್ಚು ವರ್ಷ ಕಳೆದೆವು.

ಇದನ್ನೇ ಯೋಚಿಸುತ್ತ ಕೂತವನಿಗೆ ಮಗಳ ಪುಸ್ತಕದ ಕಪಾಟು ಕಣ್ಣಿಗೆ ಬಿತ್ತು. ಅವಳು ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ ತಂದ ಪುಸ್ತಕಗಳು. ಅದರಲ್ಲಿ ಥಾಮಸ್ ಹಾರ್ಡಿಯ ಕವಿತೆಗಳದ್ದೊಂದು, ಅವನ ಜೀವನಚರಿತ್ರೆಯದ್ದೊಂದು. ಎರಡನ್ನೂ ನಾನು ಹಿಂದೆಯೇ ಓದಿದ್ದೆ. ಈ ಸಲ ಮೂರು ರಾತ್ರಿ ಕೂತು ಮತ್ತೆ ಓದಿದೆ. ಹಿಂದೆ ಓದಿದಾಗ ಹಾರ್ಡಿಯನ್ನು ಓದಿದ್ದೆ. ಈ ಸಲ ಹುಡುಕಿದ್ದು ಅವನ ಹೆಂಡತಿಯನ್ನು. ಆ ಕಥೆ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳಿ.

*

ಹಾರ್ಡಿ ಇಂಗ್ಲೆಂಡಿನ ಡಾರ್ಸೆಟ್ ಎಂಬ ಹಳ್ಳಿಗಾಡಿನವನು. ಹುಟ್ಟಿದ್ದು 1840ರ ಜೂನ್ 2. ಅಪ್ಪ ಕಲ್ಲುಕಟ್ಟುವ ಮೇಸ್ತ್ರಿ. ಮಗ ಓದಿ, ಕಟ್ಟಡಗಳ ನಕ್ಷೆ ಮಾಡುವ ಕೆಲಸ ಕಲಿತ. 1870ರ ಮಾರ್ಚ್ 7ರಂದು ಒಂದು ಹಳೆಯ ಚರ್ಚಿನ ರಿಪೇರಿಗೆ ಅಳತೆ ತೆಗೆಯಲು ಕಾರ್ನ್‌ವಾಲಿನ ಸೇಂಟ್ ಜೂಲಿಯಟ್ ಎಂಬ ಊರಿಗೆ ಹೋದ. ಬೆಳಗಿನ ಜಾವ ಹೊರಟವನು ರೈಲು ಬದಲಿಸಿ ಬದಲಿಸಿ, ಕೊನೆಗೆ ಕುದುರೆ ಗಾಡಿಯಲ್ಲಿ ಹದಿನಾರು ಮೈಲು ಹೋಗಿ ಮುಟ್ಟುವಾಗ ಕತ್ತಲಾಗಿತ್ತು. ಪಾದ್ರಿಗೆ ಕಾಲುನೋವು, ಮಲಗಿದ್ದರು. ಅವರ ಹೆಂಡತಿ ಆರೈಕೆಯಲ್ಲಿದ್ದರು. ಹಾಗಾಗಿ ಬಾಗಿಲು ತೆರೆದದ್ದು ಆ ಹೆಂಡತಿಯ ತಂಗಿ, ಕಂದು ಬಣ್ಣದ ಉಡುಪಿನಲ್ಲಿದ್ದ ಎಮ್ಮಾ ಲವಿನಿಯಾ ಗಿಫರ್ಡ್. ಇಬ್ಬರಿಗೂ ಆಗ 29 ವರ್ಷ. ಬಂದವನ ಜೇಬಿನಿಂದ ಒಂದು ಕಾಗದ ಇಣುಕುತ್ತಿತ್ತು. ಕಟ್ಟಡದ ನಕ್ಷೆ ಇರಬೇಕು ಅಂದುಕೊಂಡಳು. ಅದು ಕವಿತೆ.

ಇಂಥ ಆರಂಭವನ್ನು ನಾವು ಕಥೆಯಲ್ಲಿ ಬರೆದರೆ ಸಂಪಾದಕರು ವಾಪಸು ಕಳಿಸುತ್ತಾರೆ!

ಎಮ್ಮಾ ಕುದುರೆ ಸವಾರಿಯಲ್ಲಿ ಗಟ್ಟಿಗಿತ್ತಿ. ಸಮುದ್ರದ ಬದಿಯ ಕಡಿದಾದ ಬಂಡೆಗಳ ಮೇಲೆ ಅವಳು ಕುದುರೆ ಏರಿ ಹೋದರೆ ಹಾರ್ಡಿ ಪಕ್ಕದಲ್ಲಿ ನಡೆದುಕೊಂಡು ಹೋಗುತ್ತಿದ್ದ. ಚಿತ್ರ ಬರೆಯುತ್ತಿದ್ದಳು, ಪಿಯಾನೋ ನುಡಿಸುತ್ತಿದ್ದಳು, ತಾನೂ ಏನಾದರೂ ಬರೆಯಬೇಕು ಎಂಬ ಆಸೆ ಇತ್ತು. ನಾಲ್ಕು ವರ್ಷ ಪತ್ರಗಳು, ನಡುನಡುವೆ ಭೇಟಿಗಳು. ಆ ದಿನಗಳಲ್ಲಿ ಹಾರ್ಡಿಯ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಅಂದವಾಗಿ ನಕಲು ಮಾಡಿಕೊಟ್ಟವಳು ಇವಳು. ಅದು 1871ರಲ್ಲಿ ಅಚ್ಚಾಯಿತು. ನಕ್ಷೆಯ ಕೆಲಸದಲ್ಲಿ ಸಂಬಳ ಇತ್ತು, ಬರವಣಿಗೆಯಲ್ಲಿ ಏನಿತ್ತು? ಆದರೂ ಬರವಣಿಗೆಯನ್ನು ಬಿಡಬೇಡ ಎಂದು ಧೈರ್ಯ ತುಂಬಿ ಪತ್ರ ಬರೆದವಳೂ ಅವಳೇ. ಮದುವೆಯಾಗಬೇಕಾದ ಹೆಣ್ಣು, ಹುಡುಗನಿಗೆ ಖಾಯಂ ಕೆಲಸ ಬೇಡ ಎನ್ನುವುದು ಸಣ್ಣ ಮಾತಲ್ಲ ಮಾರಾಯ್ರೆ. ನಮ್ಮೂರಿನಲ್ಲಿ ಇವತ್ತಿಗೂ ಯಾರೂ ಹೇಳಲಿಕ್ಕಿಲ್ಲ.

ಆದರೆ ತೊಡಕು ಮೊದಲ ದಿನವೇ ಇತ್ತು. ಎಮ್ಮಾಳ ತಂದೆ ಪ್ಲಿಮತ್ತಿನಲ್ಲಿ ವಕೀಲರಾಗಿದ್ದವರು. ಮೇಸ್ತ್ರಿಯ ಮಗ ಅವರ ಲೆಕ್ಕಕ್ಕೆ ಕೆಳಗಿನವನು. ನಾವು ಜಾತಿ ಅನ್ನುವುದನ್ನು ಅವರು ಬೇರೆ ಹೆಸರಿನಿಂದ ಕರೆಯುತ್ತಾರೆ, ಅಷ್ಟೇ. 1874ರ ಸೆಪ್ಟೆಂಬರ್ 17ರಂದು ಲಂಡನ್ನಿನಲ್ಲಿ ಮದುವೆಯಾಯಿತು. ಹುಡುಗಿಯ ಚಿಕ್ಕಪ್ಪ ಪಾದ್ರಿಯಾಗಿದ್ದರು, ಅವರೇ ಮಾಡಿಸಿದರು. ಹಾರ್ಡಿಯ ಕಡೆಯಿಂದ ಒಬ್ಬರೂ ಬರಲಿಲ್ಲ.

*

ಆಮೇಲಿನದ್ದು ನಿಧಾನವಾಗಿ ಆರುವ ಒಲೆಯ ಕಥೆ. ಯಾರೂ ನೀರು ಹೊಯ್ಯಲಿಲ್ಲ, ಯಾರೂ ಕಟ್ಟಿಗೆ ಹಾಕಲಿಲ್ಲ.

ಮಕ್ಕಳಾಗಲಿಲ್ಲ. ಗಂಡನ ಹೆಸರು ಬೆಳೆಯಿತು. 1885ರಲ್ಲಿ ಡಾರ್ಚೆಸ್ಟರ್ ಪಕ್ಕದಲ್ಲಿ ಮ್ಯಾಕ್ಸ್ ಗೇಟ್ ಎಂಬ ಮನೆಗೆ ಬಂದರು. ನಕ್ಷೆ ಹಾರ್ಡಿಯದ್ದು, ಕಟ್ಟಿದ್ದು ಅವನ ಅಪ್ಪ ಮತ್ತು ತಮ್ಮ. ಅತ್ತೆ, ನಾದಿನಿಯರು ಮೂರು ಮೈಲು ದೂರದಲ್ಲಿ. ಇಬ್ಬರು ನಾದಿನಿಯರೂ ಶಾಲೆಯ ಟೀಚರುಗಳು, ಗಟ್ಟಿ ಹೆಂಗಸರು. ಎಮ್ಮಾಳಿಗೂ ಅವರಿಗೂ ಆಗಿಬರಲಿಲ್ಲ. 1896ರಲ್ಲಿ ನಾದಿನಿ ಮೇರಿಗೆ ಅವಳು ಬರೆದ ಸಿಟ್ಟಿನ ಪತ್ರವೊಂದು ಉಳಿದಿದೆ. ಓದಿದರೆ ಇಬ್ಬರ ಮೇಲೂ ಕನಿಕರ ಬರುತ್ತದೆ.

ಎಮ್ಮಾಳದ್ದು ತಪ್ಪೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ತನ್ನ ಮನೆತನ ದೊಡ್ಡದು ಎಂಬ ಹಮ್ಮನ್ನು ಕೊನೆಯವರೆಗೂ ಬಿಡಲಿಲ್ಲ, ಜನರ ಎದುರಿಗೂ ಅದನ್ನು ಎತ್ತುತ್ತಿದ್ದಳು. ಧರ್ಮದ ವಿಷಯದಲ್ಲಿ ಬಿಗಿ. ಗಂಡನಿಗೋ ದೇವರ ಮೇಲಿನ ನಂಬಿಕೆ ಹೋಗಿತ್ತು. 1895ರಲ್ಲಿ 'ಜ್ಯೂಡ್ ದಿ ಅಬ್‌ಸ್ಕ್ಯೂರ್' ಬಂದಾಗ ಅದು ಮದುವೆಯನ್ನೂ ಧರ್ಮವನ್ನೂ ಹಳಿಯುವ ಪುಸ್ತಕವಾಗಿ ಅವಳಿಗೆ ಕಂಡಿತು. ಮದುವೆ ಎಂಬ ಬಂಧನವನ್ನು ಅಷ್ಟು ಕಟುವಾಗಿ ಬರೆದ ಗಂಡನ ಮನೆಯಲ್ಲಿ ಹೆಂಡತಿಯಾಗಿ ಇರುವುದು ಹೇಗಿದ್ದಿರಬಹುದು, ನೀವೇ ಯೋಚಿಸಿ. ಬರುವ ಹೋಗುವ ಅತಿಥಿಗಳೆಲ್ಲ ಓದಿದವರು. ಅವರ ಕಣ್ಣಿನಲ್ಲಿ ಪ್ರಶ್ನೆ ಇದ್ದಿರಲೇಬೇಕು.

1898ರಲ್ಲಿ ಹಾರ್ಡಿಯ ಮೊದಲ ಕವನ ಸಂಕಲನ ಬಂತು. ಅವನಿಗೆ ಆಗ 58. ಕಾದಂಬರಿ ಬರೆಯುವುದನ್ನು ನಿಲ್ಲಿಸಿ, ತರುಣನಾಗಿದ್ದಾಗಿನ ಆಸೆಗೆ ಮರಳಿದ್ದ. ಆ ಪುಸ್ತಕದಲ್ಲಿ ಬೇರೆ ಹೆಂಗಸರ ನೆನಪಿನ ಪದ್ಯಗಳಿದ್ದವು. ಎಮ್ಮಾಳಿಗೆ ನೋವಾಯಿತು. ಆ ಹೊತ್ತಿಗೆ ಅವಳು ಮಹಡಿಯ ಮೇಲಿನ ಅಟ್ಟದ ಎರಡು ಚಿಕ್ಕ ಕೋಣೆಗಳಿಗೆ ಹೋಗಿ ಇರಲಾರಂಭಿಸಿದಳು.

ಅಟ್ಟ! ನಮ್ಮ ಕಡೆಯ ಮನೆಗಳಲ್ಲಿ ಅಟ್ಟದಲ್ಲಿ ಏನಿಡುತ್ತೇವೆ? ಒಡೆದ ಕುರ್ಚಿ, ಮದುವೆಗೆ ಮಾತ್ರ ಇಳಿಸುವ ಕೊಪ್ಪರಿಗೆ, ತೆಂಗಿನಕಾಯಿ, ಹಳೆಯ ಪಂಚಾಂಗ. ಬಿಸಾಡಲು ಮನಸ್ಸಿಲ್ಲ, ದಿನಾ ಬೇಕಾಗಿಲ್ಲ, ಅಂಥದ್ದು.

1899ರಲ್ಲಿ, ಮಕ್ಕಳ ಪುಸ್ತಕಗಳಿಂದ ಮುಂದೆ ಹೆಸರಾದ ಕೆನೆತ್ ಗ್ರಹಾಮನ ಹೊಸ ಹೆಂಡತಿ ಎಲ್ಸ್‌ಪೆತ್ತಳಿಗೆ ಎಮ್ಮಾ ಒಂದು ಪತ್ರ ಬರೆದಳು. ಗಂಡನಿಂದ ಹೆಚ್ಚೇನನ್ನೂ ಬಯಸಬೇಡ, ಪ್ರೀತಿಯನ್ನೂ ಕೃತಜ್ಞತೆಯನ್ನೂ ನಿರೀಕ್ಷಿಸಬೇಡ, ಸ್ವಲ್ಪ ದೂರವೇ ಇರುವುದು ಕ್ಷೇಮ ಎಂಬ ಅರ್ಥದ ಪತ್ರ. ಹೊಸ ಮದುಮಗಳಿಗೆ! ಅದು ಬುದ್ಧಿವಾದವಲ್ಲ, ಅಟ್ಟದಿಂದ ಕೇಳಿದ ಕೂಗು.

ಅಟ್ಟದಲ್ಲಿ ಅವಳು ಸುಮ್ಮನೆ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಸೈಕಲ್ ಕಲಿತಳು, ಹಸಿರು ಬಣ್ಣದ ಸೈಕಲ್ಲಿಗೆ ಮಿಡತೆ ಎಂದು ಹೆಸರಿಟ್ಟಳು. ಬೆಕ್ಕುಗಳನ್ನು ಸಾಕಿದಳು. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು 1907ರಲ್ಲಿ ಮತ್ತು 1908ರಲ್ಲಿ ಲಂಡನ್ನಿನಲ್ಲಿ ನಡೆದ ಮೆರವಣಿಗೆಗಳಲ್ಲಿ ಸೇರಿದಳು. ಕಥೆ ಬರೆದಳು, ಪದ್ಯ ಬರೆದಳು, ಸ್ವಂತ ಖರ್ಚಿನಲ್ಲಿ ಒಂದು ಪದ್ಯದ ಪುಸ್ತಕ ಅಚ್ಚು ಹಾಕಿಸಿದಳು. ಅವಳ ಪದ್ಯಗಳು ಗಂಡನ ಪದ್ಯಗಳ ಹತ್ತಿರಕ್ಕೂ ಬರುವುದಿಲ್ಲ, ಸತ್ಯವೇ. ಆದರೆ ಕೆಟ್ಟ ಪದ್ಯ ಬರೆಯುವ ಗಂಡಸರನ್ನು ನಾವೆಷ್ಟು ಸನ್ಮಾನ ಮಾಡಿಲ್ಲ? ನಾನೇ ಎರಡು ಶಾಲು ಹೊದ್ದುಕೊಂಡಿದ್ದೇನೆ.

ಓದುವಾಗ ನನಗೆ ತಡೆಯಲಾಗದ ದೃಶ್ಯ 1912ರ ಜೂನ್ 2ರದ್ದು. ಹಾರ್ಡಿಗೆ 72 ತುಂಬಿದ ದಿನ. ರಾಯಲ್ ಸೊಸೈಟಿ ಆಫ್ ಲಿಟರೇಚರ್‌ನವರ ಚಿನ್ನದ ಪದಕ ಹಿಡಿದುಕೊಂಡು ಇಬ್ಬರು ಕವಿಗಳು ಮನೆಗೇ ಬಂದರು. ಒಬ್ಬರು ಹೆನ್ರಿ ನ್ಯೂಬೋಲ್ಟ್, ಇನ್ನೊಬ್ಬರು ಡಬ್ಲ್ಯು.ಬಿ. ಯೇಟ್ಸ್. ಪದಕ ಕೊಡುವ ಹೊತ್ತು ಬಂದಾಗ ಹಾರ್ಡಿ ಹೆಂಡತಿಗೆ ಹೊರಗೆ ಹೋಗಲು ಹೇಳಿದ. ಬಂದವರಿಬ್ಬರೂ, ಅವರೂ ಇರಲಿ ಎಂದು ಕೇಳಿಕೊಂಡರು. ಅವನು ಒಪ್ಪಲಿಲ್ಲ. ಎಮ್ಮಾ ಎದ್ದು ಹೋದಳು. ಮೊದಲ ಪುಸ್ತಕವನ್ನು ಕೈಯಾರೆ ನಕಲು ಮಾಡಿದವಳು, ಬರೆ ಎಂದು ಧೈರ್ಯ ಕೊಟ್ಟವಳು, ಪದಕ ಕೊಡುವಾಗ ಬಾಗಿಲ ಆಚೆ.

ಅದಾಗಿ ಆರು ತಿಂಗಳು ಕಳೆಯಲಿಲ್ಲ. ಆ ವರ್ಷದ ಕೊನೆಗೆ ಒಂದು ದಿನ ಅವಳು ಪಿಯಾನೋದ ಮುಂದೆ ಕೂತು ತನ್ನ ಹಳೆಯ ಹಾಡುಗಳನ್ನೆಲ್ಲ ಒಂದೊಂದಾಗಿ ನುಡಿಸಿ, ಇನ್ನು ನುಡಿಸುವುದಿಲ್ಲ ಎಂದು ಎದ್ದಳು. ನವೆಂಬರ್ 24ಕ್ಕೆ 72 ತುಂಬಿತು. 27ರ ಬೆಳಿಗ್ಗೆ ಮನೆಗೆಲಸದ ಹುಡುಗಿ ಅಟ್ಟಕ್ಕೆ ಹೋಗಿ ನೋಡಿದರೆ ಅವಳು ನೋವಿನಲ್ಲಿ ಒದ್ದಾಡುತ್ತಿದ್ದಳು. ಹುಡುಗಿ ಇಳಿದು ಯಜಮಾನನನ್ನು ಕರೆದಳು. ಅವನು ಹತ್ತಿ ಬಂದ ಮೇಲೆ ಹೆಚ್ಚು ಹೊತ್ತು ಉಳಿಯಲಿಲ್ಲ. ಒಂದೇ ಮನೆಯಲ್ಲಿ ಇದ್ದು ಅವಳ ಕಾಯಿಲೆ ಎಷ್ಟು ಬಲಿತಿದೆ ಎಂದು ಗಂಡನಿಗೆ ಗೊತ್ತಿರಲಿಲ್ಲ.

*

ಇಲ್ಲಿಗೆ ಮುಗಿದಿದ್ದರೆ ಇದು ಸಾವಿರ ಮನೆಗಳ ಕಥೆ. ಮುಗಿಯಲಿಲ್ಲ.

ಅವಳ ಕೋಣೆಯಲ್ಲಿ ಹಾರ್ಡಿಗೆ ಬರಹಗಳು ಸಿಕ್ಕಿದವು. ಒಂದು, ಗಂಡನ ಬಗ್ಗೆ ತನಗೆ ಅನ್ನಿಸಿದ್ದನ್ನೆಲ್ಲ ವರ್ಷಗಟ್ಟಲೆ ಬರೆದಿಟ್ಟದ್ದು. ಅದನ್ನು ಓದಿ ಸುಟ್ಟುಬಿಟ್ಟ. ಇನ್ನೊಂದು, 1911ರ ಜನವರಿಯಲ್ಲಿ ಬರೆದು ಮುಗಿಸಿದ ನೆನಪುಗಳು. ಪ್ಲಿಮತ್ತಿನ ಬಾಲ್ಯ, ಕಾರ್ನ್‌ವಾಲಿನ ದಿನಗಳು, ಆ ಸಂಜೆ ಬಾಗಿಲು ತೆರೆದದ್ದು. ಇದನ್ನು ಉಳಿಸಿಕೊಂಡ. ಒಂದೇ ಹೆಂಗಸು ಎರಡು ಪುಸ್ತಕ ಬರೆದಿದ್ದಳು, ಒಂದರಲ್ಲಿ ಗಂಡ, ಇನ್ನೊಂದರಲ್ಲಿ ಅವಳು ಪ್ರೀತಿಸಿದ ಹುಡುಗ. ಬೆಂಕಿಗೆ ಯಾವುದು, ಕಪಾಟಿಗೆ ಯಾವುದು ಎಂದು ತೀರ್ಮಾನಿಸಿದ್ದು ಮಾತ್ರ ಅವನು.

ಆಮೇಲೆ ಆ ಮುದುಕನಿಗೆ ಏನಾಯಿತೋ, ಕಟ್ಟೆ ಒಡೆದ ಹಾಗೆ ಬರೆದ. 1913ರ ಮಾರ್ಚಿನಲ್ಲಿ, ಸರಿಯಾಗಿ 43 ವರ್ಷಗಳ ನಂತರ, ತಮ್ಮನನ್ನು ಕರೆದುಕೊಂಡು ಮತ್ತೆ ಸೇಂಟ್ ಜೂಲಿಯಟ್ಟಿಗೆ ಹೋದ. ಅವಳು ಕುದುರೆ ಓಡಿಸಿದ ಬಂಡೆಗಳನ್ನು ನೋಡಿದ. ಅದೇ ಚರ್ಚಿನಲ್ಲಿ ಇಡಲು ಅವಳ ಹೆಸರಿನ ಕಲ್ಲಿಗೆ ತಾನೇ ನಕ್ಷೆ ಮಾಡಿದ. 1914ರ ನವೆಂಬರಿನಲ್ಲಿ ಬಂದ ಸಂಕಲನದಲ್ಲಿ '1912-13ರ ಕವಿತೆಗಳು' ಎಂಬ ಗುಚ್ಛ ಇದೆ. ಮೊದಲು 18, ಆಮೇಲೆ ಸೇರಿಸಿ 21. ಇಂಗ್ಲಿಷಿನಲ್ಲಿ ಹೆಂಡತಿಯ ಸಾವಿನ ಮೇಲೆ ಬಂದ ಪದ್ಯಗಳಲ್ಲಿ ಇದಕ್ಕೆ ಮಿಗಿಲಾದದ್ದು ಕಡಿಮೆ ಎನ್ನುತ್ತಾರೆ. ಓದಿದರೆ ನೀವೂ ಒಪ್ಪುತ್ತೀರಿ. ಅವುಗಳಲ್ಲಿ ಅವನು ತನ್ನನ್ನು ಬಿಟ್ಟುಕೊಡುವುದಿಲ್ಲ. ಸುಖಸಂಸಾರ ಇತ್ತು ಎಂದು ಸುಳ್ಳು ಹೇಳುವುದಿಲ್ಲ. ನಡುವೆ ಬಿದ್ದ ಬಿರುಕನ್ನು ಬಿರುಕು ಎಂದೇ ಹೇಳುತ್ತಾನೆ. ಅವಳು ಗಾಳಿಯಲ್ಲಿ ಕರೆದ ಹಾಗೆ ಕೇಳುತ್ತದೆ, ತಿರುಗಿದರೆ ಯಾರೂ ಇಲ್ಲ.

ಇನ್ನೂ ಒಂದು ಎಳೆ ಇದೆ, ಅದನ್ನು ನಾನು ಮೇಸ್ಟ್ರಾಗಿ ಬಿಡುವ ಹಾಗಿಲ್ಲ. 1914ರ ಫೆಬ್ರವರಿ 10ರಂದು ಹಾರ್ಡಿ ಎರಡನೇ ಮದುವೆಯಾಗಿದ್ದ. ಹುಡುಗಿ ಫ್ಲಾರೆನ್ಸ್ ಡಗ್ಡೇಲ್, 35 ವರ್ಷ. ಅವನಿಗೆ 73. ಅವಳು ಎನ್‌ಫೀಲ್ಡಿನಲ್ಲಿ ಶಾಲೆಯ ಟೀಚರಾಗಿದ್ದವಳು. ಗಂಟಲು ಕೈಕೊಟ್ಟದ್ದಕ್ಕೆ ಪಾಠ ಬಿಟ್ಟು ಬರವಣಿಗೆ, ಟೈಪಿಂಗ್ ಹಿಡಿದಳು. ಎಮ್ಮಾ ಬದುಕಿದ್ದಾಗಲೇ ಆ ಮನೆಗೆ ಬಂದು, ಎಮ್ಮಾಳ ಕಥೆಯನ್ನೂ ಟೈಪ್ ಮಾಡಿಕೊಟ್ಟಿದ್ದಳು. ಈಗ ಅವಳು ಹೆಂಡತಿ. ಮದುವೆಯಾದ ವರ್ಷವೇ ಗಂಡನ ಪುಸ್ತಕ ಬಂತು. ಪುಟ ತಿರುಗಿಸಿದರೆ ಸತ್ತ ಸವತಿಯ ಮೇಲಿನ ಪ್ರೇಮಗೀತೆಗಳು. 1916ರಲ್ಲಿ ಚರ್ಚಿನ ಕಲ್ಲು ನೋಡಲು ಹಾರ್ಡಿ ಕಾರ್ನ್‌ವಾಲಿಗೆ ಹೋದಾಗ ಜೊತೆಗೆ ಹೋದವಳೂ ಫ್ಲಾರೆನ್ಸ್.

ಮೊದಲ ಹೆಂಡತಿ ಬದುಕಿದ್ದಾಗ ಕಾಣಲಿಲ್ಲ, ಸತ್ತ ಮೇಲೆ ಕಂಡಳು. ಅವಳನ್ನೇ ನೋಡುತ್ತ ನೋಡುತ್ತ ಪಕ್ಕದಲ್ಲಿದ್ದ ಎರಡನೆಯವಳು ಕಾಣದಾದಳು. ಪಶ್ಚಾತ್ತಾಪವೂ ಮನುಷ್ಯನಿಗೆ ಏನನ್ನೂ ಕಲಿಸುವುದಿಲ್ಲವೇನೋ ಅನ್ನಿಸಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹಾರ್ಡಿ 1928ರ ಜನವರಿ 11ರಂದು ತೀರಿಕೊಂಡ. ಬೂದಿಯನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ದೊಡ್ಡ ಕವಿಗಳ ಸಾಲಿನಲ್ಲಿ ಇಟ್ಟರು. ಹೃದಯವನ್ನು ತೆಗೆದು ಊರಿನ ಸ್ಟಿನ್ಸ್‌ಫರ್ಡ್ ಚರ್ಚಿನಲ್ಲಿ ಎಮ್ಮಾಳ ಸಮಾಧಿಯಲ್ಲಿ ಹೂತರು. ಫ್ಲಾರೆನ್ಸ್ 1937ರಲ್ಲಿ ಹೋದಳು, ಅವಳಿಗೂ ಅಲ್ಲೇ ಜಾಗ. ಹಾರ್ಡಿಯ ಜೀವನಚರಿತ್ರೆ ಎರಡು ಭಾಗಗಳಲ್ಲಿ 1928ರಲ್ಲೂ 1930ರಲ್ಲೂ ಬಂತು, ಬರೆದವರು ಫ್ಲಾರೆನ್ಸ್ ಹಾರ್ಡಿ ಎಂದೇ ಅಚ್ಚಾಯಿತು. ನಿಜವಾಗಿ ಅದರ ಬಹುಭಾಗವನ್ನು ಬರೆದವನು ಹಾರ್ಡಿಯೇ, ಅವಳು ಟೈಪ್ ಮಾಡಿದ್ದು. ಒಬ್ಬಳು ಬರೆದದ್ದು ಬೆಂಕಿಗೆ ಹೋಯಿತು. ಇನ್ನೊಬ್ಬಳ ಹೆಸರಿನಲ್ಲಿ ಅವಳು ಬರೆಯದ ಪುಸ್ತಕ ಬಂತು. ಎಮ್ಮಾಳ ನೆನಪುಗಳು ಪೂರ್ತಿಯಾಗಿ ಪುಸ್ತಕವಾಗಿ ಬಂದದ್ದು 1961ರಲ್ಲಿ, ಅವಳು ಸತ್ತು 49 ವರ್ಷಗಳಾದ ಮೇಲೆ.

*

ನಾಲ್ಕನೇ ದಿನ ಸಂಜೆ. ಕರೆಂಟ್ ಇಲ್ಲ. ಜಗಲಿಯಲ್ಲಿ ಇವಳು ಪತ್ರೊಡೆಗೆಂದು ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದಳು. ನಾನು ಕುರ್ಚಿ ಹಾಕಿಕೊಂಡು ಈ ಕಥೆಯನ್ನು ಹೇಳಿದೆ.

"ಹೆಸರು ಎಂಥದ್ದು? ಎಮ್ಮೆಯಾ?" ಎಂದು ನಕ್ಕಳು.

"ಎಮ್ಮಾ, ಮಾರಾಯ್ತಿ."

ಪೂರ್ತಿ ಕೇಳಿದಳು. ಕೊನೆಗೆ, "ಸತ್ತ ಎಮ್ಮೆಗೆ ಹತ್ತು ಸೇರು ಹಾಲು" ಎಂದಳು. ಗಾದೆ ಬಾಯಿಂದ ಹೊರಟ ಮೇಲೆ ಹೆಸರಿನ ಜೊತೆ ಅದು ಹೇಗೆ ಕೂತಿತು ಎಂದು ಹೊಳೆದು, ಪಾಪ ಎಂದು ನಾಲಿಗೆ ಕಚ್ಚಿಕೊಂಡಳು. ಒಂದು ಗಾದೆಯಲ್ಲಿ ಅವಳು ಹೇಳಿದ್ದನ್ನು ನಾನು ಇಷ್ಟುದ್ದ ಬರೆಯುತ್ತಿದ್ದೇನೆ.

"ಆ ಪದಕ ಕೊಡುವಾಗ ಹೊರಗೆ ಕಳಿಸಿದ್ದು ಮಾತ್ರ ಸರಿಯಲ್ಲ" ಎಂದೆ ನಾನು, ದೊಡ್ಡ ನ್ಯಾಯಾಧೀಶನ ಹಾಗೆ.

ಅವಳು ಎಲೆಯಿಂದ ತಲೆ ಎತ್ತಲಿಲ್ಲ. "ನಿಮಗೆ ಶಾಲು ಹೊದಿಸಿದ ದಿವಸದ ಫೋಟೋ ಉಂಟಲ್ಲ, ಗೋಡೆಯಲ್ಲಿ" ಎಂದಳು.

ಉಂಟು. ಹತ್ತು ವರ್ಷದಿಂದ ಉಂಟು. ನಮ್ಮ ಮನೆಯಲ್ಲೇ ತೆಗೆದದ್ದು. ಊರಿನ ಸಾಹಿತ್ಯಾಸಕ್ತರು ಮನೆಗೇ ಬಂದು ಶಾಲು, ಹಾರ, ಫಲಕ ಕೊಟ್ಟಿದ್ದರು. ಫೋಟೋದಲ್ಲಿ ಹನ್ನೊಂದು ಜನ ಇದ್ದಾರೆ, ಪಕ್ಕದ ಮನೆಯ ಹುಡುಗ ಕೂಡ ಇದ್ದಾನೆ. ಇವಳಿಲ್ಲ. ಹನ್ನೊಂದು ಜನಕ್ಕೆ ಪಾಯಸ ಕಾಯಿಸುತ್ತಿದ್ದಳು. ನಾನು ಹೊರಗೆ ಹೋಗು ಅನ್ನಲಿಲ್ಲ, ನಿಜ. ಒಳಗೆ ಬಾ ಎಂದೂ ಅನ್ನಲಿಲ್ಲ. ಹಾರ್ಡಿಗಾದರೂ ಅವಳು ಕೋಣೆಯಲ್ಲಿದ್ದಾಳೆ ಎಂದು ಗೊತ್ತಿತ್ತು.

ಎದ್ದು ಹೋಗಿ ನನ್ನ ಮೊದಲ ಸಂಕಲನ ತೆಗೆದೆ. ಅದರ ಹಸ್ತಪ್ರತಿಯನ್ನು ಅಚ್ಚಿಗೆ ಕೊಡಲು ಬರೆದುಕೊಟ್ಟವಳು ಇವಳು. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ, ಇವಳದ್ದು ದುಂಡಗೆ. ಮಗಳು ಆಗ ಕೈಕೂಸು, ರಾತ್ರಿ ಅವಳನ್ನು ಮಲಗಿಸಿ ಹನ್ನೊಂದು ಗಂಟೆಯ ಮೇಲೆ ಕೂತು ಬರೆಯುತ್ತಿದ್ದಳು. ಟಾರ್ಚ್ ಹಿಡಿದು ಕೃತಜ್ಞತೆಯ ಪುಟ ಓದಿದೆ. ಮುನ್ನುಡಿ ಬರೆದ ಹಿರಿಯರು, ಮುಖಪುಟದವರು, ಪ್ರೆಸ್ಸಿನವರು, ಕರಡು ತಿದ್ದಿದ ಗೆಳೆಯ, ಸಹೋದ್ಯೋಗಿಗಳು. ಎಲ್ಲರಿಗೂ ಹೆಸರುಂಟು. ಕೊನೆಯ ಸಾಲಿನಲ್ಲಿ ಮನೆಯವರಿಗೂ ಕೃತಜ್ಞತೆ ಎಂದಿದೆ.

ಮನೆಯವರು! ನಮ್ಮ ಭಾಷೆಯಲ್ಲಿ ಎಷ್ಟು ಗೌರವದ ಶಬ್ದ ನೋಡಿ. ಒಬ್ಬ ಮನುಷ್ಯಳನ್ನು ಪೂರ್ತಿಯಾಗಿ ಮುಚ್ಚಿಡಲು ಅದೊಂದು ಸಾಕು.

ವಾಪಸು ಬಂದು ಕೂತೆ. ಏನು ಹೇಳಬೇಕೆಂದು ತೋಚದೆ, ತಮಾಷೆಯ ಹಾಗೆ ಕೇಳಿದೆ: "ನೀನು ಏನಾದ್ರೂ ಬರೆದದ್ದುಂಟಾ?"

"ಉಂಟು."

"ಯಾವಾಗ?"

"ಮದುವೆಗೆ ಮೊದಲು. ಎರಡು ಕಥೆ. ಒಂದನ್ನು ಮಂಗಳೂರು ಆಕಾಶವಾಣಿಗೆ ಕಳಿಸಿದ್ದೆ. ವಾಪಸು ಬಂತು. ಇನ್ನೊಂದು ಕಳಿಸಲಿಲ್ಲ, ಅಷ್ಟರಲ್ಲಿ ನೀವು ನೋಡ್ಲಿಕ್ಕೆ ಬಂದ್ರಿ."

"ನನಗೆ ಹೇಳಲೇ ಇಲ್ಲ ನೀನು!"

"ನೀವು ಕೇಳಲಿಲ್ಲ" ಎಂದಳು. ಸಿಟ್ಟಿಲ್ಲ, ಮುನಿಸಿಲ್ಲ. ಹಾಲಿನವನು ಇವತ್ತು ಬರಲಿಲ್ಲ ಎಂದು ಹೇಳುವ ಧ್ವನಿ.

ಇಪ್ಪತ್ತೆಂಟು ವರ್ಷ. ದಿನಕ್ಕೊಮ್ಮೆ ಕೇಳಿದ್ದರೂ ಹತ್ತು ಸಾವಿರ ಸಲ ಕೇಳಬಹುದಿತ್ತು. ನನ್ನ ಪ್ರತಿಯೊಂದು ಪದ್ಯವನ್ನೂ ಮೊದಲು ಕೇಳಿದವಳು ಅವಳು. ಅವಳು ಚಂದ ಉಂಟು ಎಂದರೆ ಇವಳಿಗೇನು ಗೊತ್ತು ಅಂದುಕೊಳ್ಳುತ್ತಿದ್ದೆ. ಅಷ್ಟು ಹಿಡಿಸಲಿಲ್ಲ ಎಂದರೂ ಇವಳಿಗೇನು ಗೊತ್ತು ಅಂದುಕೊಳ್ಳುತ್ತಿದ್ದೆ.

ನಾನು ಹಾರ್ಡಿಯಲ್ಲ. ಅವನ ಪ್ರತಿಭೆಯ ಸಾವಿರದಲ್ಲೊಂದು ಪಾಲೂ ನನಗಿಲ್ಲ. ನಮ್ಮದು ಮುರಿದ ಸಂಸಾರವೂ ಅಲ್ಲ, ಅಟ್ಟ, ಮಹಡಿ ಎಂದು ಬೇರೆಯಾಗಿಲ್ಲ, ನಗುತ್ತೇವೆ, ಜಗಳ ಮಾಡುತ್ತೇವೆ. ಆದರೆ ಒಬ್ಬರನ್ನು ಕಾಣದೆ ಇರಲು ದೊಡ್ಡ ಕವಿಯೇ ಆಗಬೇಕೆಂದಿಲ್ಲ. ಅದಕ್ಕೆ ಎರಡು ಸಂಕಲನ, ಒಂದು ಶಾಲು ಸಾಕಾಗುತ್ತದೆ.

ಕಾಗದ ಎಲ್ಲಿದೆ ಎಂದು ಕೇಳಿದೆ. ಅಟ್ಟದಲ್ಲಿ ಟ್ರಂಕಿನಲ್ಲಿ ಇತ್ತು, ಗೆದ್ದಲು ತಿಂದಿರಬಹುದು ಎಂದಳು. ಮರುದಿನ ಏಣಿ ಹಾಕಿ ಹತ್ತಿ ನೋಡಿದೆ. ಟ್ರಂಕ್ ಇತ್ತು, ಕಾಗದ ಇರಲಿಲ್ಲ. ತಳದಲ್ಲಿ ಮಣ್ಣಿನ ಗೆರೆಗಳು ಮಾತ್ರ. ಗೆದ್ದಲಿಗೆ ಯಾವುದು ಯಾರದ್ದೆಂದು ಗೊತ್ತಿಲ್ಲ, ನನ್ನ ತಿರಸ್ಕೃತ ಪದ್ಯಗಳ ಕಟ್ಟು ಪಕ್ಕದ ಡಬ್ಬದಲ್ಲಿ ಭದ್ರವಾಗಿತ್ತು. ಅದಕ್ಕೆ ಬೇವಿನ ಎಲೆ ಹಾಕಿಟ್ಟವಳೂ ಇವಳೇ.

ಇಳಿದು ಬಂದು, "ಸಿಗಲಿಲ್ಲ. ನೆನಪುಂಟಾ? ಹೇಳು" ಎಂದೆ.

"ಈಗೆಂಥ ಕಥೆ! ಕೆಲಸ ಉಂಟು ನನಗೆ."

"ಕೆಲಸ ಮಾಡುತ್ತಲೇ ಹೇಳು."

ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಶುರು ಮಾಡಿದಳು. ಗದ್ಯವೇ. ಒಬ್ಬಳು ಅಜ್ಜಿ, ಒಂದು ಹೊಳೆ, ದಾಟಿಸುವ ದೋಣಿ. ಐದು ನಿಮಿಷ ಆಗಿರಬೇಕು, ನಾನು ನಡುವೆ ಬಾಯಿ ಹಾಕಿದೆ: "ಅಲ್ಲ, ದೋಣಿಯವನು ಮೊದಲೇ ಬರಬೇಕಿತ್ತು, ಆಗ ಕಥೆಗೆ ಬಿಗಿ ಬರುತ್ತಿತ್ತು."

ಅವಳು ನಿಲ್ಲಿಸಿದಳು. ಕೆನ್ನೆಗೆ ಹೊಡೆದ ಹಾಗಾಯಿತು, ಹೊಡೆದದ್ದು ಅವಳಲ್ಲ. ನಾನು ತಪ್ಪಾಯಿತು ಎನ್ನಲಿಲ್ಲ. ಅದನ್ನೂ ಅಂದರೆ ಅವಳು ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು, ಅಲ್ಲಿಗೆ ಅದು ಮತ್ತೆ ನನ್ನ ಕಥೆಯಾಗುತ್ತಿತ್ತು. ಸುಮ್ಮನೆ ಅವಳ ಮುಂದಿದ್ದ ಎಲೆಯ ರಾಶಿಯಿಂದ ನಾಲ್ಕು ಎಲೆ ಎಳೆದುಕೊಂಡು ನಾರು ತೆಗೆಯಲು ಕೂತೆ. ಕೆಸುವಿನ ಎಲೆ ಕೈ ತುರಿಸುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು.

ಮಳೆ ಜೋರಾಯಿತು, ಕಡಿಮೆಯಾಯಿತು. ಅವಳು ಬಿಟ್ಟಲ್ಲಿಂದ ಮುಂದುವರಿಸಿದಳು. ದೋಣಿಯವನು ಕೊನೆಗೇ ಬಂದ. ಅವನು ಕೊನೆಗೆ ಬರಬೇಕಾದದ್ದೇ ಸರಿ ಎಂದು ಕಥೆ ಮುಗಿದ ಮೇಲೆ ಗೊತ್ತಾಯಿತು.

ಕಥೆ ಏನೆಂದು ನಾನಿಲ್ಲಿ ಬರೆಯುವುದಿಲ್ಲ. ಅದು ಅವಳದ್ದು. ಒಂದು ಇನ್ನೂರು ಪುಟದ ನೋಟ್‌ಬುಕ್ಕು ತಂದು ಅಡುಗೆಮನೆಯ ಕಪಾಟಿನ ಮೇಲೆ ಇಟ್ಟಿದ್ದೇನೆ. ಇವತ್ತಿನವರೆಗೆ ಅದರಲ್ಲಿ ಹಾಲಿನ ಲೆಕ್ಕ ಮಾತ್ರ ಬಿದ್ದಿದೆ. ಇರಲಿ. ತೆರೆದು ನೋಡಿದೆ ಎಂದು ಅವಳಿಗೆ ಹೇಳಲಿಕ್ಕೆ ಹೋಗಬೇಡಿ.

ಸೋಮವಾರ ಒಂಬತ್ತನೇ ಕ್ಲಾಸಿಗೆ ಹೋಗಬೇಕು. ಆ ಹುಡುಗಿಗೆ ಉತ್ತರ ಬಾಕಿ ಉಂಟು.